ದೂರದ ಗುಂಪು ಸೈಕಲ್ ಪ್ರವಾಸದ ಒಂದು ದಿನ: ಹಿಂದಿನ ಸಂಜೆಯಿಂದ ಮರುರಾತ್ರಿಯವರೆಗೆ ಸಮಗ್ರ ಮಾರ್ಗದರ್ಶಿ

ಒಬ್ಬರೇ 120 ಕಿ.ಮೀ. ಸೈಕಲ್ ತುಳಿಯುವುದು ಬೇರೆ, ಎಂಟು-ಹತ್ತು ಮಂದಿ ಕೂಡಿ ಅದೇ ದೂರ ಹೋಗುವುದು ಬೇರೆ. ಒಬ್ಬರೇ ಇದ್ದರೆ ಹಸಿವಾದಾಗ ನಿಲ್ಲಬಹುದು, ಹುಮ್ಮಸ್ಸು ಬಂದಾಗ ಜೋರಾಗಿ ತುಳಿಯಬಹುದು. ಗುಂಪಿನಲ್ಲಿ ಒಬ್ಬರ ಪಂಕ್ಚರ್ ಎಲ್ಲರ ಪಂಕ್ಚರ್. ಲೆಕ್ಕ ಹಾಕಿ ನೋಡಿ: ಒಬ್ಬರಿಗೆ 1000 ಕಿ.ಮೀ.ಗೆ ಒಂದು ಪಂಕ್ಚರ್ ಆಗುತ್ತದೆ ಎಂದಿಟ್ಟುಕೊಂಡರೂ, ದಿನಕ್ಕೆ 100 ಕಿ.ಮೀ. ಹೋಗುವ ಹತ್ತು ಮಂದಿಯ ಗುಂಪಿಗೆ ಸರಾಸರಿ ದಿನಕ್ಕೊಂದು ಪಂಕ್ಚರ್ ಬಂತು. ಅದನ್ನು ದುರದೃಷ್ಟ ಎನ್ನುವಂತಿಲ್ಲ, ವೇಳಾಪಟ್ಟಿಯಲ್ಲೇ ಸೇರಿಸಿಕೊಳ್ಳಬೇಕು.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಗುಂಪು ಚೆನ್ನಾಗಿ ಸಾಗುತ್ತಿದೆಯೇ ಎಂದು ತಿಳಿಯಲು ಮುಂದಿರುವವರ ವೇಗ ನೋಡಬೇಡಿ, ಸಾಲಿನ ಕೊನೆಯಲ್ಲಿರುವವರ ಮುಖ ನೋಡಿ. ಮುಂದಿನವರು ಮಾಡುವ ಪ್ರತಿಯೊಂದು ಸಣ್ಣ ತಪ್ಪೂ ಹಿಂದಕ್ಕೆ ಹೋಗುತ್ತಾ ದೊಡ್ಡದಾಗುತ್ತದೆ. ಈ ಮಾರ್ಗದರ್ಶಿಯ ಹೆಚ್ಚಿನ ಸೂಚನೆಗಳು ಆ ಕೊನೆಯ ಸವಾರರನ್ನು ಮನಸ್ಸಿನಲ್ಲಿಟ್ಟುಕೊಂಡವು.

ಹಿಂದಿನ ಸಂಜೆ: ಲೆಕ್ಕ ಮತ್ತು ಹಂಚಿಕೆ

ಮರುದಿನದ ಸಮಯವನ್ನು ಸಂಜೆಯೇ ಲೆಕ್ಕ ಹಾಕಿ. ಕ್ರಮ ಸರಳ. ಮೊದಲು ಸಮತಟ್ಟಿನ ವೇಗದಿಂದ ದೂರವನ್ನು ಭಾಗಿಸಿ. ಸಾಮಾನು ಹೊತ್ತ ಸಾಧಾರಣ ಗುಂಪಿಗೆ ಗಂಟೆಗೆ 18ರಿಂದ 20 ಕಿ.ಮೀ. ಸರಿಯಾದ ಅಂದಾಜು. ಅದಕ್ಕೆ ಪ್ರತಿ 100 ಮೀಟರ್ ಏರಿಗೆ 5 ನಿಮಿಷ ಸೇರಿಸಿ. ಆಮೇಲೆ ನಿಲುಗಡೆಗಳು, ಕೊನೆಗೆ ಅನಿರೀಕ್ಷಿತಕ್ಕೆಂದು ಮುಕ್ಕಾಲು ಗಂಟೆ. 120 ಕಿ.ಮೀ. ದೂರ, ಒಟ್ಟು 1200 ಮೀಟರ್ ಏರು ಇರುವ ದಿನಕ್ಕೆ: ತುಳಿಯಲು 6 ಗಂಟೆ, ಏರಿಗೆ 1 ಗಂಟೆ, ನಿಲುಗಡೆಗೆ 2 ಗಂಟೆ, ಕಾಯ್ದಿರಿಸಿದ ಮುಕ್ಕಾಲು ಗಂಟೆ, ಒಟ್ಟು 9 ಗಂಟೆ 45 ನಿಮಿಷ. ಬೆಳಿಗ್ಗೆ 6ಕ್ಕೆ ಹೊರಟರೆ ಮಧ್ಯಾಹ್ನ 3:45ಕ್ಕೆ ತಲುಪುತ್ತೀರಿ. 8ಕ್ಕೆ ಹೊರಟರೆ ಸಂಜೆ 5:45 ಆಗುತ್ತದೆ, ಒಂದು ದೊಡ್ಡ ರಿಪೇರಿ ಬಂದರೂ ಕತ್ತಲಾಗುತ್ತದೆ. ಬೇಗ ಹೊರಡಲು ಇನ್ನೊಂದು ಕಾರಣವಿದೆ. ಬಿಸಿಲಿಗೆ ನೆಲ ಕಾದ ಮೇಲೆ ಮೇಲಿನ ಗಾಳಿ ಕೆಳಗಿನ ಗಾಳಿಯೊಂದಿಗೆ ಬೆರೆತು ಬೀಸು ಹೆಚ್ಚುತ್ತದೆ. ಬೆಳಗಿನ ಮೂರು ಗಂಟೆಗಳಲ್ಲಿ ಮುಗಿಸಿದ ದೂರ ಅಗ್ಗದ ದೂರ.

ಈ ಲೆಕ್ಕ ಅತಿಯಾಯಿತು ಎನಿಸಿದರೆ ಇದನ್ನು ಗಮನಿಸಿ. ಜಗತ್ತಿನೆಲ್ಲೆಡೆ ನಡೆಯುವ 200 ಕಿ.ಮೀ. ಬ್ರೆವೆ (ನಿಗದಿತ ಸಮಯದೊಳಗೆ ಮುಗಿಸಬೇಕಾದ, ಪಂದ್ಯವಲ್ಲದ) ಸವಾರಿಗಳಿಗೆ ಕೊಡುವ ಗರಿಷ್ಠ ಸಮಯ 13 ಗಂಟೆ 30 ನಿಮಿಷ. ಊಟ, ರಿಪೇರಿ ಎಲ್ಲ ಸೇರಿ ಅದು ಗಂಟೆಗೆ ಸುಮಾರು 15 ಕಿ.ಮೀ. ಆಯಿತು. ದೂರದ ಸವಾರಿಯ ನಿಜವಾದ ವೇಗ ಆ ಆಸುಪಾಸಿನದೇ.

ನಂತರ ಜವಾಬ್ದಾರಿ ಹಂಚಿ. ಎಂಟು ಮಂದಿಗಿಂತ ಹೆಚ್ಚಿದ್ದರೆ ಗುಂಪನ್ನು ಒಡೆಯಿರಿ. ಹದಿನಾರು ಮಂದಿಯ ಒಂದೇ ಸಾಲನ್ನು ದಾಟಲು ವಾಹನಗಳಿಗೆ ಜಾಗ ಸಿಗುವುದಿಲ್ಲ, ಚಾಲಕರು ಸಾಲಿನ ನಡುವೆ ನುಗ್ಗುತ್ತಾರೆ. ಪ್ರತಿ ಉಪಗುಂಪಿಗೂ ಇವರು ಬೇಕು:

- ಲೀಡ್: ಮುಂದಿದ್ದು ದಾರಿಯನ್ನೂ ವೇಗವನ್ನೂ ಕಾಯುವವರು.
- ಸ್ವೀಪ್: ಕೊನೆಯಲ್ಲಿದ್ದು ಯಾರನ್ನೂ ಹಿಂದೆ ಬಿಡದವರು. ಗುಂಪಿನ ಅತಿ ಗಟ್ಟಿ ಸವಾರರಲ್ಲಿ ಒಬ್ಬರು ಇಲ್ಲಿರಬೇಕು. ನಿಧಾನಿಯನ್ನು ಸ್ವೀಪ್ ಮಾಡಿದರೆ ಅವರು ಒಂಟಿಯಾಗುತ್ತಾರೆ, ಸ್ವೀಪ್ ಇಲ್ಲದಂತೆಯೇ ಆಗುತ್ತದೆ.
- ರಿಪೇರಿ ಬಲ್ಲವರು ಒಬ್ಬರು, ಪ್ರಥಮ ಚಿಕಿತ್ಸೆ ಬಲ್ಲವರು ಇನ್ನೊಬ್ಬರು. ಎರಡೂ ಒಬ್ಬರೇ ಆಗುವುದು ಬೇಡ, ಗಾಯ ಅವರಿಗೇ ಆಗಬಹುದು.

ದಾರಿಯ ಜಿಪಿಎಕ್ಸ್ ಫೈಲ್ (ಜಿಪಿಎಸ್ ಸಾಧನ ಓದುವ ಮಾರ್ಗದ ಕಡತ) ಕನಿಷ್ಠ ಮೂರು ಸಾಧನಗಳಲ್ಲಿ ಇರಲಿ, ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಪ್ರತಿ 25-30 ಕಿ.ಮೀ.ಗೆ ಸೇರುವ ಜಾಗವೊಂದನ್ನು ಗುರುತಿಸಿ ಎಲ್ಲರಿಗೂ ಹೇಳಿ. ಫೋನ್ ಸಿಗ್ನಲ್ ಹೋದಾಗ ತಪ್ಪಿಸಿಕೊಂಡವರು ಎಲ್ಲಿ ಕಾಯಬೇಕೆಂದು ಯೋಚಿಸುವ ಗೊಂದಲ ಆಗ ಇರುವುದಿಲ್ಲ.

ಗುಂಪಿನ ಚೀಲ, ಸ್ವಂತದ ಚೀಲ

ಪ್ರತಿಯೊಬ್ಬರೂ ತಮ್ಮ ಟೈರ್ ಅಳತೆಯ ಎರಡು ಟ್ಯೂಬ್, ಎರಡು ಟೈರ್ ಲಿವರ್, ಒಂದು ಪಂಪ್, ಪ್ಯಾಚ್ ಡಬ್ಬಿ, ಅಲೆನ್ ಕೀ ಇರುವ ಮಲ್ಟಿಟೂಲ್ ಇಟ್ಟುಕೊಳ್ಳಬೇಕು. ರಿಮ್ ಆಳವಾಗಿದ್ದರೆ ಟ್ಯೂಬಿನ ವಾಲ್ವ್ ಉದ್ದವೂ ಅದಕ್ಕೆ ತಕ್ಕದ್ದೇ ಎಂದು ನೋಡಿ. ಪಕ್ಕದವರ ಟ್ಯೂಬ್ ಎರವಲು ಪಡೆದು, ವಾಲ್ವ್ ರಿಮ್‌ನಿಂದ ಹೊರಗೆ ಬಾರದೆ ಪೇಚಾಡುವುದು ಬಹಳ ಸಾಮಾನ್ಯ.

ಗುಂಪಿಗೆ ಒಂದೊಂದು ಸಾಕಾಗುವ ವಸ್ತುಗಳು: ಚೈನ್ ಟೂಲ್, ಗುಂಪಿನಲ್ಲಿರುವ ಪ್ರತಿ ಬಗೆಯ ಚೈನ್‌ಗೂ ಒಂದೊಂದು ಕ್ವಿಕ್ ಲಿಂಕ್, ಅಂದರೆ ತುಂಡಾದ ಚೈನ್ ಜೋಡಿಸುವ ಕೊಂಡಿ (ಹಿಂದೆ ಎಷ್ಟು ಗೇರ್ ಇದೆಯೋ ಅಷ್ಟು ಸ್ಪೀಡ್; 9, 10, 11, 12 ಸ್ಪೀಡ್‌ನವು ಬೇರೆ ಬೇರೆ, ಒಂದಕ್ಕೊಂದು ಬದಲಿಯಾಗವು), ಟೈರ್ ಬೂಟ್ (ಸೀಳಿದ ಟೈರ್ ಒಳಗೆ ಇಡುವ ಗಟ್ಟಿ ತುಂಡು) ಎರಡು, ಗೇರ್ ಕೇಬಲ್ ಒಂದು, ಬ್ರೇಕ್ ಕೇಬಲ್ ಒಂದು, ಸ್ಪೋಕ್ ಕೀ, ಝಿಪ್ ಟೈ ಹತ್ತು, ಬಟ್ಟೆಯ ಅಂಟುಪಟ್ಟಿ, ಎಂ5 ಬೋಲ್ಟ್ ನಾಲ್ಕು. ಡಿರೇಲರನ್ನು (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮಾತ್ರ ಪ್ರತಿ ಸೈಕಲ್ಲಿಗೂ ಅದರದೇ. ಅದನ್ನು ಗುಂಪಿನ ಚೀಲದಲ್ಲಿ ಹುಡುಕಬೇಡಿ, ನಿಮ್ಮದನ್ನು ನೀವೇ ತನ್ನಿ. ದಾರಿಯಲ್ಲಿ ಸಿಗುವುದು ಬಹಳ ಕಷ್ಟ. ಬ್ರೇಕ್ ಪ್ಯಾಡ್‌ಗೂ ಇದೇ ಮಾತು.

ಸೈಕಲ್ ತಪಾಸಣೆ: ರಾತ್ರಿಯದು ರಾತ್ರಿ, ಬೆಳಗಿನದು ಬೆಳಿಗ್ಗೆ

ಚೈನ್‌ಗೆ ಎಣ್ಣೆ ಹಾಕುವುದು ರಾತ್ರಿಯ ಕೆಲಸ. ಮೊದಲು ಬಟ್ಟೆಯಿಂದ ಒರೆಸಿ, ಪ್ರತಿ ರೋಲರ್ ಮೇಲೆ ಒಂದೊಂದೇ ಹನಿ ಬಿಡಿ, ಪೆಡಲನ್ನು ಹಿಂದಕ್ಕೆ ಒಂದು ನಿಮಿಷ ತಿರುಗಿಸಿ, ಎಣ್ಣೆ ಒಳಗಿಳಿಯಲು ಬಿಡಿ, ಹೊರಗೆ ಉಳಿದದ್ದನ್ನು ಒರೆಸಿ ತೆಗೆಯಿರಿ. ಕೆಲಸ ಮಾಡುವ ಎಣ್ಣೆ ರೋಲರ್‌ನ ಒಳಗಿರುವುದು. ಹೊರಗೆ ಉಳಿದದ್ದು ದೂಳು ಹಿಡಿದು ಮರಳುಕಾಗದದಂತೆ ಚೈನನ್ನೇ ಸವೆಸುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಸ್ಪ್ರೇ ಎಣ್ಣೆ ಬಳಸಲೇಬೇಡಿ, ರೋಟರ್ (ಬ್ರೇಕ್ ಹಿಡಿಯುವ ತಟ್ಟೆ) ಮೇಲೆ ಒಂದು ಎರಚಲು ಬಿದ್ದರೂ ಪ್ಯಾಡ್ ಹಾಳು.

ಪ್ರವಾಸಕ್ಕೆ ಮೊದಲು ಚೈನ್ ಸವೆತ ಅಳೆಯಿರಿ. ಹೊಸ ಚೈನ್‌ನ 12 ಪೂರ್ಣ ಕೊಂಡಿಗಳು ಸರಿಯಾಗಿ 12 ಇಂಚು ಇರುತ್ತವೆ. ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಿದ್ದರೆ ಸವೆತ ಶೇ. 0.5 ದಾಟಿದೆ, 11-12 ಸ್ಪೀಡ್ ಚೈನ್ ಆಗಿದ್ದರೆ ಬದಲಿಸಿಬಿಡಿ.

ಬೆಳಗಿನ ತಪಾಸಣೆಗೆ ಐದು ನಿಮಿಷ ಸಾಕು, ಆದರೆ ದಿನವೂ ಬೇಕು. ಮುಂದಿನ ಚಕ್ರದಿಂದ ಆರಂಭಿಸಿ: ಟೈರ್ ಸುತ್ತ ಕಣ್ಣಾಡಿಸಿ, ಚುಚ್ಚಿಕೊಂಡ ಗಾಜು, ಮುಳ್ಳು ಕಿತ್ತುಹಾಕಿ. ನಿನ್ನೆ ಹೊಕ್ಕ ಗಾಜಿನ ಚೂರು ಇಂದು ಟ್ಯೂಬ್ ತಲುಪುತ್ತದೆ. ಚಕ್ರ ಬಿಗಿಯಾಗಿದೆಯೇ? ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸಿ, ಹೆಡ್‌ಸೆಟ್‌ನಲ್ಲಿ (ಹ್ಯಾಂಡಲ್ ತಿರುಗುವ ಬೇರಿಂಗ್) ಟಕ್ ಎಂದರೆ ಸಡಿಲವಿದೆ. ಕ್ರ್ಯಾಂಕ್ (ಪೆಡಲ್ ಜೋಡಿಸಿದ ತೋಳು) ಹಿಡಿದು ಪಕ್ಕಕ್ಕೆ ಅಲುಗಿಸಿ. ಕೊನೆಗೆ, ಸಾಮಾನು ಕ್ಯಾರಿಯರ್ ಇದ್ದರೆ ಅದರ ನಾಲ್ಕೂ ಬೋಲ್ಟ್‌ಗಳಿಗೆ ಅಲೆನ್ ಕೀ ಹಾಕಿ ನೋಡಿ. ಭಾರ ಮತ್ತು ಕಂಪನ ಸೇರಿ ಇವು ನಿಧಾನವಾಗಿ ಬಿಚ್ಚಿಕೊಳ್ಳುತ್ತವೆ. ಒಂದು ಬಿದ್ದುಹೋದರೆ ಉಳಿದದ್ದರ ಮೇಲೆ ಭಾರ ಬಿದ್ದು ಅದು ತುಂಡಾಗುತ್ತದೆ, ಮುರಿದ ತುಂಡು ಫ್ರೇಮ್ ಒಳಗೇ ಉಳಿಯುತ್ತದೆ. ದೂರದ ಪ್ರವಾಸದಲ್ಲಿ ಇಷ್ಟು ಸುಲಭವಾಗಿ ತಪ್ಪಿಸಬಹುದಾದ, ಆದರೂ ಇಷ್ಟು ತೊಂದರೆ ಕೊಡುವ ಕೆಡುಕು ಇನ್ನೊಂದಿಲ್ಲ.

ಗಾಳಿಯ ಒತ್ತಡ: 70 ಕೆ.ಜಿ. ಸವಾರರಿಗೆ, ಟ್ಯೂಬ್ ಇರುವ 28 ಮಿ.ಮೀ. ಟೈರ್‌ಗೆ 65-75 ಪಿಎಸ್ಐ, 32ಕ್ಕೆ 50-60, 40ಕ್ಕೆ 35-45 ಆರಂಭದ ಅಳತೆ. ಭಾರ ಹಿಂದೆ ಹೆಚ್ಚಿರುವುದರಿಂದ ಹಿಂದಿನ ಚಕ್ರಕ್ಕೆ 3-5 ಪಿಎಸ್ಐ ಹೆಚ್ಚು, ಸಾಮಾನು ಹೊತ್ತಿದ್ದರೆ ಇನ್ನೂ ಸ್ವಲ್ಪ. ಟೈರ್ ಪಕ್ಕದಲ್ಲಿ ಮತ್ತು ರಿಮ್ ಮೇಲೆ ಬರೆದ ಗರಿಷ್ಠವನ್ನು ದಾಟಬೇಡಿ. ಗಟ್ಟಿ ಟೈರ್ ಬೇಗ ಓಡುತ್ತದೆ ಎಂಬ ನಂಬಿಕೆ ಒರಟು ರಸ್ತೆಯಲ್ಲಿ ನಿಜವಲ್ಲ. ಅತಿ ಗಟ್ಟಿಯಾದರೆ ಪ್ರತಿ ಉಬ್ಬಿಗೂ ಸೈಕಲ್ಲೇ ಎಗರುತ್ತದೆ, ಮುಂದಕ್ಕೆ ಹೋಗಬೇಕಿದ್ದ ಶಕ್ತಿ ಮೇಲಕ್ಕೆ ಕುಲುಕುವುದರಲ್ಲಿ ಹೋಗುತ್ತದೆ.

ಪ್ಯಾನಿಯರ್ (ಕ್ಯಾರಿಯರ್‌ನ ಬದಿಗೆ ತೂಗುವ ಚೀಲ) ತುಂಬುವಾಗ ಭಾರದ ವಸ್ತು ಕೆಳಗೆ, ಎರಡೂ ಬದಿ ಸಮ. ಮಳೆ ಅಂಗಿ, ತಿನಿಸು, ಟ್ಯೂಬ್ ಮೇಲೆ ಕೈಗೆ ಸಿಗುವಂತಿರಲಿ.

ಹೊರಡುವ ಮುಂಚಿನ ಹತ್ತು ನಿಮಿಷ

ಎಲ್ಲರೂ ಸೈಕಲ್ ಪಕ್ಕದಲ್ಲಿ ನಿಂತಿರುವಾಗ ಲೀಡ್ ಐದು ವಿಷಯ ಹೇಳಬೇಕು: ಇಂದಿನ ದೂರ ಮತ್ತು ಏರು, ಮೊದಲ ಸೇರುವ ಜಾಗ, ನೀರು ಸಿಗದ ಉದ್ದನೆಯ ಭಾಗ ಎಲ್ಲಿದೆ, ರಸ್ತೆಯಲ್ಲಿ ಎಚ್ಚರ ವಹಿಸಬೇಕಾದ ಜಾಗ ಯಾವುದು, ಇಂದಿನ ಸ್ವೀಪ್ ಯಾರು. ತಲೆ ಎಣಿಸಿ. ಪ್ರತಿ ನಿಲುಗಡೆಯ ನಂತರವೂ ಎಣಿಸಿ.

ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನವಾಗಿ ಹೋಗಿ, ಮಾತಾಡುತ್ತಾ ಉಸಿರು ಕಟ್ಟದಷ್ಟು. ಬೆಳಗಿನ ತಂಪಿನಲ್ಲಿ, ತಾಜಾ ಕಾಲುಗಳಲ್ಲಿ ಎಲ್ಲರಿಗೂ ವೇಗ ಸುಲಭವೆನಿಸುತ್ತದೆ, ಅದರ ಬೆಲೆ ಮಧ್ಯಾಹ್ನದ ನಂತರ ತೆರಬೇಕಾಗುತ್ತದೆ. ಆಡಾಕ್ಸ್ ಎಂಬ ದೂರದ ಗುಂಪು ಸವಾರಿಯಲ್ಲಿ ರೋಡ್ ಕ್ಯಾಪ್ಟನ್ ಗಂಟೆಗೆ 22.5 ಕಿ.ಮೀ. ಸರಾಸರಿ ಕಾಯುತ್ತಾರೆ, ಅವರನ್ನು ದಾಟಿ ಯಾರೂ ಮುಂದೆ ಹೋಗುವಂತಿಲ್ಲ. ನಿಮ್ಮ ಅಂಕಿ ಬೇರೆ ಇರಬಹುದು, ಆದರೆ ಆ ನಿಯಮ ಎರವಲು ಪಡೆಯಲು ಯೋಗ್ಯವಾದದ್ದು.

ಸಾಲಿನಲ್ಲಿ ಸಾಗುವುದು

ಸಮತಟ್ಟಿನಲ್ಲಿ 30 ಕಿ.ಮೀ. ವೇಗದಲ್ಲಿ ನೀವು ಹಾಕುವ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಗಾಳಿಯ ವಿರುದ್ಧ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ 25ರಿಂದ 30ಕ್ಕೆ ಹೋಗಲು ಸುಮಾರು ಶೇ. 73ರಷ್ಟು ಹೆಚ್ಚು. ಇನ್ನೊಬ್ಬರ ಚಕ್ರದ ಹಿಂದೆ ಗಾಳಿಮರೆಯಲ್ಲಿದ್ದರೆ ಒಟ್ಟು ಶಕ್ತಿಯಲ್ಲಿ ಕಾಲುಭಾಗದಷ್ಟು, ಒಮ್ಮೊಮ್ಮೆ ಇನ್ನೂ ಹೆಚ್ಚು ಉಳಿಯುತ್ತದೆ. ಗುಂಪಾಗಿ ಹೋಗುವುದರ ದೊಡ್ಡ ಲಾಭ ಇದೇ.

ಅಂತರ ಎಷ್ಟಿರಬೇಕು? ಪರಸ್ಪರ ಚೆನ್ನಾಗಿ ಬಲ್ಲ ಸವಾರರಿಗೆ ಒಂದು ಮೀಟರ್. ಸಾಮಾನು ಹೊತ್ತಿದ್ದರೆ, ಹೊಸಬರಿದ್ದರೆ, ರಸ್ತೆ ಒದ್ದೆಯಿದ್ದರೆ ಎರಡು-ಮೂರು ಮೀಟರ್. ಮುಂದಿನವರ ಚಕ್ರವನ್ನೇ ದಿಟ್ಟಿಸಬೇಡಿ, ಅವರ ಭುಜದ ಮೇಲಿಂದ ರಸ್ತೆ ನೋಡಿ.

ಒಂದು ನಿಯಮವನ್ನು ಯಾವ ಕಾರಣಕ್ಕೂ ಮುರಿಯಬೇಡಿ: ನಿಮ್ಮ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ಬರಕೂಡದು. ಅವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೆ ಚಕ್ರಗಳು ತಾಗುತ್ತವೆ. ಮುಂದಿನವರಿಗೆ ಏನೂ ಆಗುವುದಿಲ್ಲ. ಬೀಳುವುದು ಹಿಂದಿನವರು, ಏಕೆಂದರೆ ತಿರುಗಿಸಲಾಗದ ಹ್ಯಾಂಡಲ್ ಅವರದ್ದು. ಗುಂಪಿನಲ್ಲಿ ಬೀಳುವುದು ಬಹಳಷ್ಟು ಸಲ ಹೀಗೇ ಆಗುತ್ತದೆ.

ಸೀಟಿನಿಂದ ಎದ್ದು ತುಳಿಯುವಾಗಲೂ ಎಚ್ಚರ. ಏಳುವ ಕ್ಷಣದಲ್ಲಿ ಸೈಕಲ್ ಹಿಂದಿನವರ ಕಡೆಗೆ ಒಂದು ಅಡಿಯಷ್ಟು ಜಾರಿದಂತಾಗುತ್ತದೆ. ಪೆಡಲ್ ಕೆಳಗೆ ಒತ್ತುವ ಹೊತ್ತಿಗೇ ಎದ್ದರೆ ಅದು ತಪ್ಪುತ್ತದೆ.

ಮುಂದಿರುವ ಸರದಿ ಸಮತಟ್ಟಿನಲ್ಲಿ 3ರಿಂದ 5 ನಿಮಿಷ, ಎದುರುಗಾಳಿಯಲ್ಲಿ 1-2 ನಿಮಿಷ. ಸುಸ್ತಾಗುವ ಮೊದಲೇ ಬಿಟ್ಟುಕೊಡಿ. ಹಿಂದೆ ನೋಡಿ, ಕೈಸನ್ನೆ ಮಾಡಿ, ಪಕ್ಕಕ್ಕೆ ಸರಿದು ವೇಗವನ್ನು ಒಂದೆರಡು ಕಿ.ಮೀ. ಇಳಿಸಿ, ಸ್ವೀಪ್‌ಗಿಂತ ಮುಂದೆ ಸೇರಿಕೊಳ್ಳಿ. ಹೊಸದಾಗಿ ಮುಂದೆ ಬಂದವರು ವೇಗ ಹೆಚ್ಚಿಸಬಾರದು. ಮೀಟರ್‌ನಲ್ಲಿ ಎಷ್ಟಿತ್ತೋ ಅಷ್ಟೇ. ಬಹುತೇಕರು ಇಲ್ಲೇ ಎಡವುತ್ತಾರೆ: ಗಾಳಿಮರೆಯಲ್ಲಿ ಆರಾಮವಾಗಿದ್ದ ಕಾಲುಗಳು ಮುಂದೆ ಬಂದ ಕೂಡಲೇ 3 ಕಿ.ಮೀ. ವೇಗ ಏರಿಸುತ್ತವೆ, ಈಗಷ್ಟೇ ಸುಸ್ತಾಗಿ ಹಿಂದೆ ಹೋದವರು ಸಾಲು ಹಿಡಿಯಲಾಗದೆ ಹಿಂದೆ ಉಳಿದುಬಿಡುತ್ತಾರೆ. ಬಲವಿರುವವರು ಬಲ ತೋರಿಸಬೇಕಾದದ್ದು ಹೆಚ್ಚು ಹೊತ್ತು ಮುಂದಿರುವುದರಲ್ಲಿ.

ಎಚ್ಚರಿಕೆಯ ಮಾತುಗಳು ಚಿಕ್ಕದಾಗಿರಲಿ: "ಗುಂಡಿ", "ಜಲ್ಲಿ", "ನಿಧಾನ", "ನಿಲ್ತಿದ್ದೀವಿ", "ಹಿಂದೆ ಗಾಡಿ". ಮುಂದಿನಿಂದ ಬಂದದ್ದನ್ನು ಹಿಂದಕ್ಕೂ, ಹಿಂದಿನಿಂದ ಬಂದದ್ದನ್ನು ಮುಂದಕ್ಕೂ ಪ್ರತಿಯೊಬ್ಬರೂ ದಾಟಿಸಬೇಕು. ಅಡ್ಡರಸ್ತೆಯಲ್ಲಿ "ಖಾಲಿ ಇದೆ, ಬನ್ನಿ" ಎಂದು ಕೂಗಬೇಡಿ. ನಿಮಗೆ ಖಾಲಿಯಿದ್ದ ರಸ್ತೆ ನಾಲ್ಕು ಸೆಕೆಂಡಿನ ನಂತರ ಬರುವವರಿಗೆ ಖಾಲಿಯಿರಬೇಕೆಂದಿಲ್ಲ.

ತಿರುವಿನಲ್ಲಿ ಸಾಲು ಹಿಗ್ಗುವ ಬಗೆ

ಎಂಟು ಮಂದಿಯ ಸಾಲು, ಒಬ್ಬೊಬ್ಬರಿಗೆ 3 ಮೀಟರ್ ಎಂದರೆ ಉದ್ದ 24 ಮೀಟರ್. ಬಿಗಿ ತಿರುವಿನಲ್ಲಿ ಎಲ್ಲರೂ 10 ಕಿ.ಮೀ.ಗೆ ಇಳಿದರೆ ಪೂರ್ತಿ ಸಾಲು ದಾಟಲು ಸುಮಾರು 9 ಸೆಕೆಂಡ್ ಬೇಕು. ಲೀಡ್ ತಿರುವು ದಾಟಿದ ಕೂಡಲೇ 25ಕ್ಕೆ ಏರಿದರೆ ಆ 9 ಸೆಕೆಂಡಿನಲ್ಲಿ 60 ಮೀಟರ್ ಹೋಗಿರುತ್ತಾರೆ. 24 ಇರಬೇಕಿದ್ದ ಅಂತರ 60 ಆಯಿತು. ಕೊನೆಯವರು ಅದನ್ನು ಮುಚ್ಚಲು ಗಾಳಿಮರೆಯೇ ಇಲ್ಲದೆ 30 ಕಿ.ಮೀ. ವೇಗದಲ್ಲಿ ಹತ್ತಿರ ಹತ್ತಿರ ಅರ್ಧ ನಿಮಿಷ ತುಳಿಯಬೇಕು. ದಿನಕ್ಕೆ ಇಂಥ ಇಪ್ಪತ್ತು ತಿರುವು, ಸಿಗ್ನಲ್ ಬಂದರೆ ಹತ್ತು ನಿಮಿಷದ ಓಟದ ಪಂದ್ಯವನ್ನು ಗುಂಪಿನ ಅತಿ ದುರ್ಬಲರ ಮೇಲೆ ಹೇರಿದಂತಾಯಿತು. "ನಾನು ಒಂದೇ ವೇಗದಲ್ಲಿ ಹೋಗ್ತಿದ್ದೆ" ಎಂದು ಲೀಡ್ ಹೇಳುತ್ತಾರೆ, ಹಿಂದಿನವರು ನಂಬುವುದಿಲ್ಲ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಪರಿಹಾರ ಸುಲಭ. ತಿರುವು, ಸಿಗ್ನಲ್, ದಿಣ್ಣೆಯ ತುದಿ ದಾಟಿದ ಮೇಲೆ "ಎಲ್ಲಾ ಬಂದ್ವಿ" ಎಂಬ ಸ್ವೀಪ್‌ನ ಕೂಗು ಮುಂದಕ್ಕೆ ಬರುವವರೆಗೆ ಲೀಡ್ 15 ಕಿ.ಮೀ. ದಾಟಬಾರದು.

ದಾರಿ ಕವಲೊಡೆಯುವಲ್ಲಿ ಸಾಲು ಒಡೆದಿದ್ದರೆ, ಲೀಡ್ ಹಿಂದಿನ ಎರಡನೆಯವರು ಅಲ್ಲೇ ನಿಂತು ದಾರಿ ತೋರಿಸಲಿ, ಸ್ವೀಪ್ ಕಂಡ ಮೇಲಷ್ಟೇ ಹೊರಡಲಿ. ಮುಂದಿನ ಕವಲಿಗೆ ಆಗ ಎರಡನೆಯವರು ಯಾರೋ ಅವರ ಸರದಿ. ಫೋನ್, ನಕ್ಷೆ ಯಾವುದೂ ಬೇಡ, ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಏರು, ಇಳಿಜಾರು

ಏರಿನಲ್ಲಿ ಗಾಳಿಮರೆಯ ಲಾಭ ತೀರಾ ಕಡಿಮೆ, ಹಾಗಾಗಿ ಸಾಲು ಕಾಯುವ ಅಗತ್ಯವಿಲ್ಲ. ಅವರವರ ವೇಗದಲ್ಲಿ ಹತ್ತಿ, ತುದಿಯಲ್ಲಿ ಸೇರಿ. ಸವಾರರು, ಸೈಕಲ್, ಸಾಮಾನು ಸೇರಿ 85 ಕೆ.ಜಿ. ಇದ್ದರೆ ಶೇ. 5ರ ಏರನ್ನು 10 ಕಿ.ಮೀ. ವೇಗದಲ್ಲಿ ಹತ್ತಲು ಗುರುತ್ವದ ವಿರುದ್ಧವೇ ಸುಮಾರು 116 ವ್ಯಾಟ್ ಬೇಕು. ಸಾಮಾನು 15 ಕೆ.ಜಿ. ಹೆಚ್ಚಿದರೆ ಅದು 136 ಆಗುತ್ತದೆ. ಸಾಮಾನು ಹೊತ್ತವರಿಗೆ ಮುಂದಿನ ಚಿಕ್ಕ ಚೈನ್‌ರಿಂಗ್‌ಗಿಂತ (ಪೆಡಲ್ ಬಳಿಯ ಹಲ್ಲುಚಕ್ರ) ಹಿಂದಿನ ದೊಡ್ಡ ಗೇರ್‌ಗೆ ಹಲ್ಲು ಹೆಚ್ಚಿರಬೇಕು. 30 ಹಲ್ಲಿಗೆ 36 ಒಳ್ಳೆಯ ಜೋಡಿ. ಏರು ಶುರುವಾಗುವ ಮುಂಚೆಯೇ ಗೇರ್ ಇಳಿಸಿ. ಪೂರ್ತಿ ಬಲ ಹಾಕುತ್ತಾ ಗೇರ್ ಬದಲಿಸಿದರೆ ಚೈನ್ ತುಂಡಾಗುವ ಕ್ಷಣ ಅದೇ.

ತುದಿಯಲ್ಲಿ ಕಾಯುವವರಿಗೆ ಒಂದು ಮಾತು. ಕೊನೆಯವರು ಬಂದು ಮುಟ್ಟಿದ ಕೂಡಲೇ "ಸರಿ, ಹೊರಡೋಣ" ಎನ್ನಬೇಡಿ. ಮೊದಲು ಬಂದವರಿಗೆ ಹದಿನೈದು ನಿಮಿಷ ವಿಶ್ರಾಂತಿ ಸಿಕ್ಕಿದೆ, ಹೆಚ್ಚು ಬೇಕಾದವರಿಗೆ ಶೂನ್ಯ. ಅವರು ಬಂದು, ನೀರು ಕುಡಿದು, ತಿಂದು, ಐದು ನಿಮಿಷ ಕಳೆದ ಮೇಲೆ ಹೊರಡಿ.

ಇಳಿಜಾರಿನಲ್ಲಿ ಸಾಲು ಬಿಡಿಸಿ. 50 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 14 ಮೀಟರ್ ಹೋಗುತ್ತೀರಿ, ಕೈ ಬ್ರೇಕಿಗೆ ತಲುಪುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. 40-50 ಮೀಟರ್ ಅಂತರವಿರಲಿ. ಬ್ರೇಕ್ ತಿರುವಿಗೆ ಮೊದಲು, ನೇರವಾಗಿರುವಾಗ ಹಾಕಿ. ತಿರುವಿನಲ್ಲಿ ಹೊರಬದಿಯ ಪೆಡಲ್ ಕೆಳಗೆ, ಭಾರ ಅದರ ಮೇಲೆ, ಕಣ್ಣು ತಿರುವಿನ ಕೊನೆಯತ್ತ. ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಸವರುತ್ತಾ ಹೋಗಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಡಿ, ಗಾಳಿಗೆ ತಣಿಯಲಿ, ಮತ್ತೆ ಒತ್ತಿ. ರಿಮ್ ಬ್ರೇಕ್ ಆದರೆ ಬಿಡದೆ ಒತ್ತಿದಾಗ ರಿಮ್ ಕಾದು ಟ್ಯೂಬ್ ಸಿಡಿಯಬಹುದು, ಡಿಸ್ಕ್ ಆದರೆ ಪ್ಯಾಡ್ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ.

ವೇಗದಲ್ಲಿ ಮುಂಭಾಗ ಗಡಗಡ ನಡುಗತೊಡಗಿದರೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯಬೇಡಿ, ನಡುಕ ಹೆಚ್ಚುತ್ತದೆ. ಎರಡೂ ಮೊಣಕಾಲಿನಿಂದ ಫ್ರೇಮಿನ ಮೇಲಿನ ಕೊಳವೆಯನ್ನು ಒತ್ತಿ ಹಿಡಿಯಿರಿ, ಸೀಟಿನಿಂದ ಸ್ವಲ್ಪ ಮೇಲೇಳಿ, ನಿಧಾನವಾಗಿ ಬ್ರೇಕ್ ಹಾಕಿ.

ಪಂಕ್ಚರ್: ಹತ್ತು ನಿಮಿಷದಲ್ಲಿ, ಒಂದೇ ಸಲಕ್ಕೆ

ಮೊದಲು ಇಡೀ ಗುಂಪು ರಸ್ತೆಯಿಂದ ಪೂರ್ತಿ ಕೆಳಗಿಳಿಯಲಿ. ಇಬ್ಬರು ಚಕ್ರ ನೋಡಿಕೊಳ್ಳಲಿ, ಉಳಿದವರು ತಿನ್ನಲಿ, ನೀರು ಕುಡಿಯಲಿ. ಈ ನಿಲುಗಡೆಯನ್ನು ಬಳಸಿಕೊಂಡರೆ ಮುಂದಿನದೊಂದು ಉಳಿಯುತ್ತದೆ.

ಹಿಂದಿನ ಚಕ್ರವಾದರೆ ಚೈನನ್ನು ಅತಿ ಚಿಕ್ಕ ಗೇರ್‌ಗೆ ತಂದು ಚಕ್ರ ಬಿಚ್ಚಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಇಲ್ಲದಾಗ ಲಿವರ್ ಒತ್ತಬೇಡಿ, ಪ್ಯಾಡ್‌ಗಳು ಮುಂದೆ ಬಂದು ಚಕ್ರ ಮತ್ತೆ ಒಳಗೆ ಹೋಗದಂತಾಗುತ್ತದೆ. ಅಂಥ ಸೈಕಲನ್ನು ತಲೆಕೆಳಗೆ ಮಾಡಿ ನಿಲ್ಲಿಸುವುದೂ ಬೇಡ.

ಟ್ಯೂಬ್ ಹೊರತೆಗೆಯುವಾಗ ಅದು ಟೈರ್‌ನೊಳಗೆ ಹೇಗಿತ್ತೆಂದು ನೆನಪಿಡಿ. ಟೈರ್‌ನ ಹೆಸರು ವಾಲ್ವ್ ಎದುರಿಗೇ ಬರುವಂತೆ ಹಾಕುವ ರೂಢಿಯಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಟ್ಯೂಬ್‌ಗೆ ಗಾಳಿ ಹಾಕಿ ತೂತು ಹುಡುಕಿ, ವಾಲ್ವ್‌ನಿಂದ ಎಷ್ಟು ದೂರವಿದೆಯೋ ಟೈರ್‌ನಲ್ಲೂ ಅಲ್ಲೇ ನೋಡಿ. ತೂತಿನ ರೂಪವೇ ಕಾರಣ ಹೇಳುತ್ತದೆ. ಹೊರಬದಿಯಲ್ಲಿ ಒಂದೇ ತೂತು: ಮುಳ್ಳು ಅಥವಾ ಗಾಜು. ಅಕ್ಕಪಕ್ಕ ಎರಡು ಸೀಳು: ಗಾಳಿ ಕಡಿಮೆಯಿತ್ತು, ಗುಂಡಿಯಲ್ಲಿ ರಿಮ್‌ಗೂ ರಸ್ತೆಗೂ ನಡುವೆ ಟ್ಯೂಬ್ ಚಿವುಟಿತು. ಒಳಬದಿಯಲ್ಲಿ ತೂತು: ರಿಮ್ ಟೇಪ್ ಸರಿದು ಸ್ಪೋಕ್ ರಂಧ್ರ ತೆರೆದಿದೆ, ಅದನ್ನು ಸರಿಪಡಿಸದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಗುತ್ತದೆ.

ಟೈರ್ ಒಳಗೆ ಬೆರಳಾಡಿಸಿ, ಮೆಲ್ಲಗೆ, ಪೂರ್ತಿ ಸುತ್ತು. ಕಾರಣ ಸಿಗುವವರೆಗೆ ಹೊಸ ಟ್ಯೂಬ್ ಮುಟ್ಟಬೇಡಿ. ಎರಡು ಕಿ.ಮೀ. ಹೋಗುವಷ್ಟರಲ್ಲಿ ಮತ್ತೆ ಗಾಳಿ ಹೋಗುವ ಪಂಕ್ಚರ್‌ಗಳೆಲ್ಲ ಈ ಒಂದು ನಿಮಿಷ ಉಳಿಸಲು ಹೋದವರವು. ಕೂದಲೆಳೆಯಷ್ಟು ಸಣ್ಣ ತಂತಿ ಚುಚ್ಚಿಕೊಂಡಿರಬಹುದು. ಲಾರಿ ಟೈರ್ ಸಿಡಿದಾಗ ಉದುರುವ ಉಕ್ಕಿನ ಎಳೆಗಳು ಅವು. ಬೆರಳಿಗೆ ಸಿಗದಿದ್ದರೆ ಒಂದು ತುಂಡು ಬಟ್ಟೆ ಆಡಿಸಿ, ಎಳೆ ಸಿಕ್ಕಿಕೊಳ್ಳುತ್ತದೆ.

ಹೊಸ ಟ್ಯೂಬ್‌ಗೆ ಆಕಾರ ಬರುವಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿ. ಟೈರ್ ಅಂಚನ್ನು ವಾಲ್ವ್‌ನ ಎದುರು ಬದಿಯಿಂದ ಒಳಕ್ಕೆ ತಳ್ಳುತ್ತಾ ಬಂದು ವಾಲ್ವ್ ಹತ್ತಿರ ಮುಗಿಸಿ, ಆಗ ಉಳಿದ ಅಂಚು ರಿಮ್ ನಡುವಿನ ತಗ್ಗಿಗಿಳಿದು ಸಡಿಲ ಸಿಗುತ್ತದೆ. ಕೈಯಿಂದಲೇ ಹಾಕಿ. ಲಿವರ್‌ನಿಂದ ಹಾಕಿದರೆ ಟ್ಯೂಬ್ ಚಿವುಟುವ ಅಪಾಯ ಹೆಚ್ಚು. ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಎರಡೂ ಬದಿ ಸುತ್ತಲೂ ಟೈರ್ ಸರಿಸಿ ಟ್ಯೂಬ್ ಇಣುಕುತ್ತಿಲ್ಲವೆಂದು ನೋಡಿ, ಆಮೇಲೆ ಪೂರ್ತಿ ಗಾಳಿ. ಹಳೆ ಟ್ಯೂಬ್‌ಗೆ ಸಂಜೆ ಪ್ಯಾಚ್ ಹಾಕಿ: ಮರಳುಕಾಗದದಿಂದ ಉಜ್ಜಿ, ಅಂಟು ತೆಳುವಾಗಿ ಸವರಿ, ಅದು ಪೂರ್ತಿ ಒಣಗಲು ಐದು ನಿಮಿಷ ಬಿಟ್ಟು ಒತ್ತಿ. ಹಸಿ ಅಂಟಿನ ಮೇಲೆ ಹಾಕಿದ ಪ್ಯಾಚ್ ನಿಲ್ಲುವುದಿಲ್ಲ.

ಪಕ್ಕದ ಗೋಡೆ ಸೀಳಿದ್ದರೆ ಒಳಗೆ ಟೈರ್ ಬೂಟ್ ಇಟ್ಟು, ಕಡಿಮೆ ಗಾಳಿಯಲ್ಲಿ ಸಾಗಿ. ಹಿಂದಿನ ಗೇರ್ ಕೇಬಲ್ ತುಂಡಾದರೆ ಡಿರೇಲರ್ ಅತಿ ಚಿಕ್ಕ ಗೇರ್‌ಗೆ ಬೀಳುತ್ತದೆ. ಅದರ ಚಲನೆಗೆ ಮಿತಿ ಹಾಕುವ ಲಿಮಿಟ್ ಸ್ಕ್ರೂ ತಿರುಗಿಸಿ ಒಂದೆರಡು ಗೇರ್ ಒಳಗೆ ನಿಲ್ಲಿಸಬಹುದು. ಸೈಕಲ್ ಗೇರ್ ಇರುವ ಬದಿಗೆ ಬಿದ್ದಿದ್ದರೆ ಹ್ಯಾಂಗರ್ ಬಗ್ಗಿದೆಯೇ ನೋಡದೆ ಅತಿ ದೊಡ್ಡ ಗೇರ್ ಹಾಕಬೇಡಿ, ಡಿರೇಲರ್ ಸ್ಪೋಕ್‌ಗಳೊಳಗೆ ಸಿಕ್ಕಿ ಚಕ್ರವನ್ನೇ ಮುರಿಯುತ್ತದೆ. ಸ್ಪೋಕ್ ತುಂಡಾದರೆ ಅದನ್ನು ಪಕ್ಕದ್ದಕ್ಕೆ ಸುತ್ತಿ, ಅದರ ಎರಡೂ ಬದಿಯಲ್ಲಿರುವ ಎದುರು ಸಾಲಿನ ಸ್ಪೋಕ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ರಿಮ್ ಬ್ರೇಕಿಗೆ ತಾಗದಷ್ಟು ನೇರವಾಗುತ್ತದೆ.

ತಿನ್ನುವುದು, ಕುಡಿಯುವುದು

ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್ (ದೇಹದ ಸಕ್ಕರೆಯ ದಾಸ್ತಾನು) ಸುಮಾರು 400-500 ಗ್ರಾಂ ಮಾತ್ರ. ಅದು ಮುಗಿದರೆ ಕಾಲು ಸೋಲುತ್ತದೆ, ತಲೆ ಮಂಕಾಗುತ್ತದೆ. ಹಾಗಾದ ಮೇಲೆ ತಿಂದರೂ ಚೇತರಿಸಿಕೊಳ್ಳಲು ಬಹಳ ಹೊತ್ತು ಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಸಾಧಾರಣ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಅಂದರೆ ಗಂಟೆಗೆ ಎರಡು ಬಾಳೆಹಣ್ಣಿನಷ್ಟು. ಹಸಿವಿಗೆ ಕಾಯದೆ ಮೊದಲ 45 ನಿಮಿಷಕ್ಕೇ ಶುರುಮಾಡಿ.

ನೀರು ಗಂಟೆಗೆ 500-750 ಮಿ.ಲೀ., ಸೆಕೆಯಲ್ಲಿ ಒಂದು ಲೀಟರ್‌ವರೆಗೆ. ಹೆಚ್ಚು ಬೆವರುವ ದಿನ ಬರೀ ನೀರು ಸಾಲದು, ಉಪ್ಪಿನಂಶವೂ ಬೇಕು. ಬೆವರಿಗಿಂತ ಹೆಚ್ಚಾಗಿ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ವಾಕರಿಕೆ, ತಲೆನೋವು, ಗೊಂದಲ ಶುರುವಾಗುತ್ತದೆ, ಅದು ಪ್ರಾಣಾಪಾಯಕ್ಕೂ ಹೋಗಬಲ್ಲದು.

ನಿಲುಗಡೆಗೆ ಮುಂಚಿತವಾಗಿ ಸಮಯ ಹೇಳಿ: "ಹದಿನೈದು ನಿಮಿಷ, 9:40ಕ್ಕೆ ಚಕ್ರ ಉರುಳಬೇಕು". ಮೊದಲು ನೀರು ತುಂಬಿಸಿ, ಶೌಚ ಮುಗಿಸಿ, ಆಮೇಲೆ ಕೂರಿ. ಎಲ್ಲರೂ ಮೊದಲು ಕೂತು, ಹೊರಡುವ ಹೊತ್ತಿಗೆ ಬಾಟಲಿ ಹಿಡಿದು ಎದ್ದರೆ ಹದಿನೈದು ನಿಮಿಷ ಅರ್ಧ ಗಂಟೆಯಾಗುತ್ತದೆ. ಮಧ್ಯಾಹ್ನದ ಊಟ ಹಗುರವಾಗಿರಲಿ. ಹೊಟ್ಟೆ ತುಂಬಾ ಕೊಬ್ಬಿನ ಊಟ ಮಾಡಿ ಏರು ಹತ್ತುವುದು ಶಿಕ್ಷೆ.

ಮಧ್ಯಾಹ್ನದ ನಂತರ: ದೇಹ ಹೇಳುವ ಮಾತು

ಇದು ತಪ್ಪುಗಳ ಹೊತ್ತು. ಕೈಸನ್ನೆ ನಿಲ್ಲುತ್ತದೆ, ಸಾಲಿನಲ್ಲಿ ಚಕ್ರಗಳು ಪಕ್ಕಕ್ಕೆ ಬರುತ್ತವೆ. ಹರಟುತ್ತಿದ್ದವರು ಮೌನವಾದರೆ ಸ್ವೀಪ್ ಅವರ ಪಕ್ಕಕ್ಕೆ ಹೋಗಿ ಮಾತಾಡಿಸಬೇಕು. "ಸರಿ ಇದ್ದೀರಾ?" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, "ಕೊನೇ ಸಲ ಏನು ತಿಂದಿರಿ, ಯಾವಾಗ?" ಎಂದು ಕೇಳಿ.

ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಬಹುಪಾಲು ಸೀಟು ತಗ್ಗಾಗಿದೆ ಅಥವಾ ಭಾರದ ಗೇರ್ ಹಾಕುತ್ತಿದ್ದೀರಿ. ಹಿಂಭಾಗ ನೋವಾದರೆ ಸೀಟು ಎತ್ತರವಾಗಿದೆ. ಬದಲಾವಣೆ ಒಮ್ಮೆಗೆ 2-3 ಮಿ.ಮೀ. ಮಾತ್ರ. ಕಿರುಬೆರಳು ಜೋಮು ಹಿಡಿದರೆ ಅಂಗೈಯಲ್ಲಿ ನರ ಒತ್ತುತ್ತಿದೆ, ಹತ್ತು ನಿಮಿಷಕ್ಕೊಮ್ಮೆ ಹಿಡಿತದ ಜಾಗ ಬದಲಿಸಿ.

ಬಿಸಿಲಲ್ಲಿ ತಲೆಸುತ್ತು, ವಾಕರಿಕೆ ಬಂದರೆ ನೆರಳು, ನೀರು, ವಿಶ್ರಾಂತಿ. ಆದರೆ ಮಾತು ತೊದಲಿದರೆ, ಎಲ್ಲಿದ್ದೇನೆಂಬುದು ಗೊತ್ತಾಗದಿದ್ದರೆ ಅದು ಶಾಖಾಘಾತ. ಕೂಡಲೇ ತುರ್ತು ಕರೆ ಮಾಡಿ, ಕಾಯುತ್ತಾ ಕೂರದೆ ಇಡೀ ದೇಹವನ್ನು ತಣ್ಣೀರಿನಿಂದ ತಂಪುಮಾಡಲು ಶುರುಮಾಡಿ.

ಮಳೆ ಬಂದರೆ ಟೈರ್ ಒತ್ತಡ 5 ಪಿಎಸ್ಐ ಇಳಿಸಿ, ಅಂತರ ಎರಡು ಪಟ್ಟು ಮಾಡಿ. ರಸ್ತೆಯ ಬಣ್ಣದ ಗೆರೆ, ಕಬ್ಬಿಣದ ಮುಚ್ಚಳದ ಮೇಲೆ ತಿರುಗಬೇಡಿ, ಬ್ರೇಕ್ ಹಾಕಬೇಡಿ. ಹಳಿಗಳನ್ನು ನೇರ ಅಡ್ಡಲಾಗಿ ದಾಟಿ. ಗುಡುಗು ಕೇಳಿಸಿದರೆ ಗಟ್ಟಿ ಕಟ್ಟಡದೊಳಗೆ ಹೋಗಿ, ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಯಾರಾದರೂ ಬಿದ್ದರೆ ಮೊದಲ ಕೆಲಸ ಇಬ್ಬರನ್ನು ರಸ್ತೆಯ ಎರಡೂ ಕಡೆ ವಾಹನ ನಿಧಾನಿಸಲು ಕಳಿಸುವುದು. ಕುತ್ತಿಗೆ, ಬೆನ್ನು ನೋವು ಎಂದರೆ ಎತ್ತಿ ಕೂರಿಸಬೇಡಿ. ತಲೆಗೆ ಪೆಟ್ಟಾದವರು "ಏನಿಲ್ಲ, ಹೋಗೋಣ" ಎಂದರೂ ಆ ದಿನ ಸೈಕಲ್ ಹತ್ತಬಾರದು, ಪೆಟ್ಟು ತಿಂದ ಹೆಲ್ಮೆಟ್ ಮತ್ತೆ ಬಳಸಬಾರದು. ಬೆಳಕು ಮಂಕಾದರೆ ಎಲ್ಲರೂ ದೀಪ ಹಚ್ಚಿ. ಸಾಲಿನಲ್ಲಿರುವವರ ಕೆಂಪು ದೀಪ ಮಿನುಗದೆ ಸ್ಥಿರವಾಗಿರಲಿ, ಮಿನುಗುವುದು ಸ್ವೀಪ್‌ನದು ಮಾತ್ರ.

ತಲುಪಿದ ಮೇಲೆ

ಮೊದಲ ಅರ್ಧ ಗಂಟೆಯೊಳಗೆ ತಿನ್ನಿ: ಮೈತೂಕದ ಪ್ರತಿ ಕೆ.ಜಿ.ಗೆ ಸುಮಾರು 1 ಗ್ರಾಂ ಕಾರ್ಬೋಹೈಡ್ರೇಟ್, ಜೊತೆಗೆ 20-30 ಗ್ರಾಂ ಪ್ರೋಟೀನ್. ಸವಾರಿಯ ಚಡ್ಡಿ ಕೂಡಲೇ ತೆಗೆಯಿರಿ. ಬೆವರಿನ ಬಟ್ಟೆಯಲ್ಲಿ ಹರಟುತ್ತಾ ಕೂತ ಒಂದು ಗಂಟೆಯೇ ಮೂರನೇ ದಿನದ ಸೀಟಿನ ಹುಣ್ಣಿಗೆ ಕಾರಣ. ತೊಳೆದು, ಒಣ ಟವೆಲ್‌ನಲ್ಲಿ ಸುತ್ತಿ ಮೇಲೆ ನಿಂತು ತುಳಿದು ಹಿಂಡಿದರೆ ಬೆಳಿಗ್ಗೆಗೆ ಒಣಗುತ್ತದೆ. ಚಡ್ಡಿಯ ಪ್ಯಾಡ್ ಒಳಗೆ ತೇವ ಉಳಿದಿದ್ದರೆ ಧರಿಸಬೇಡಿ, ಎರಡನೇ ಜೋಡಿ ಇರುವುದು ಅದಕ್ಕೇ.

ಫೋನ್, ಜಿಪಿಎಸ್, ದೀಪಗಳನ್ನು ಸ್ನಾನಕ್ಕೆ ಹೋಗುವ ಮುಂಚೆಯೇ ಚಾರ್ಜ್‌ಗೆ ಹಾಕಿ. ಸೈಕಲ್‌ಗಳಲ್ಲಿ ಕೇಳಿದ ಸದ್ದುಗಳನ್ನು ಬೆಳಕಿರುವಾಗಲೇ ಹುಡುಕಿ. ಊಟದ ಹೊತ್ತಿಗೆ ಹತ್ತು ನಿಮಿಷ ಎಲ್ಲರೂ ಕೂತು ಮಾತಾಡಲಿ, ಮತ್ತು ಆ ಮಾತು ಇಂದು ಸಾಲಿನ ಕೊನೆಯಲ್ಲಿದ್ದವರಿಂದ ಶುರುವಾಗಲಿ: ಎಲ್ಲಿ ಅಂತರ ಬಿತ್ತು, ಯಾವ ನಿಲುಗಡೆ ತಡವಾಯಿತು, ನಾಳೆ ವೇಗ ಎಷ್ಟಿರಲಿ. ಅವರು ಹೇಳಿದ ಅಂಕಿಯನ್ನೇ ನಾಳೆಯ ಲೆಕ್ಕಕ್ಕೆ ಹಾಕಿ, ಹೊಸ ಲೀಡ್ ಮತ್ತು ಸ್ವೀಪ್ ಯಾರೆಂದು ತೀರ್ಮಾನಿಸಿ, ಮಲಗಿ.